ಉಪ್ಪು ಬೆರೆಸಿದ ಬರ್ಫು

ಸುರಪುರದ ಸಂತೆಯಲ್ಲಿ ಆ ವಾರ ಎರಡು ಹಲ್ಲಿನ ಟಗರಿಗೆ ಹದಿನಾಲ್ಕು ಸಾವಿರ ನಡೆಯುತ್ತಿತ್ತು. ಹಾಲು ಬಿಟ್ಟ ಮರಿಗೆ ಆರು ಸಾವಿರ. ಪರಶುರಾಮನ ಹೊಟ್ಟೆಯ ಸ್ಕ್ಯಾನಿಂಗಿಗೆ ಒಂದು ಮರಿ ಹೋಯಿತು. ಸೂಜಿ ಚುಚ್ಚಿ ಮಾಂಸ ತೆಗೆದದ್ದಕ್ಕೆ ಇನ್ನೊಂದು ಮರಿ, ಆ ಮಾಂಸಕ್ಕೆ ಬಣ್ಣ ಹಾಕಿ ನೋಡಿದ್ದಕ್ಕೆ ಒಂದು ಟಗರು. ಹೊಟ್ಟೆ ಕೊಯ್ಯುವ ಖರ್ಚು ಸರಕಾರದ ಕಾರ್ಡಿನಲ್ಲಿ ಹೋಗುತ್ತದೆ ಎಂದಿದ್ದರು, ಅದೊಂದು ಪುಣ್ಯ. ಉಳಿದದ್ದು ಹೈದರಾಬಾದಿನ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಪರೀಕ್ಷೆ. ಅದಕ್ಕೆ ಏಳು ಸಾವಿರ, ಅಂದರೆ ಅರ್ಧ ಟಗರು.

ಬಳಿಚಕ್ರದ ಅಂಬಣ್ಣನಿಗೆ ಯಾವ ಬೆಲೆಯೂ ಕುರಿಯ ಲೆಕ್ಕಕ್ಕೆ ಬಂದ ಮೇಲೆಯೇ ತಿಳಿಯುವುದು. ಅವನು ಶಹಾಪುರದ ಆಸ್ಪತ್ರೆಯ ಮಂಚದ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಈ ಲೆಕ್ಕವನ್ನು ಬಾಯಿಬಿಟ್ಟು ಹೇಳಿದಾಗ, ಮಂಚದ ಮೇಲಿದ್ದ ತಮ್ಮ ಪರಶುರಾಮ ಕಣ್ಣು ಮುಚ್ಚಿಕೊಂಡೇ ಕೇಳಿದ.

"ಅರ್ಧ ಟಗರು ಹೆಂಗ ಮಾರ್ತೀ ಅಣ್ಣಾ? ಮುಂದಿನ ಅರ್ಧನೋ, ಹಿಂದಿನ ಅರ್ಧನೋ?"

"ಬಾಯಿ ಮುಚ್ಚಿಕೊಂಡು ಮಕ್ಕೋ. ಹೊಟ್ಟ್ಯಾಗ ಗಡ್ಡಿ ಇಟಗೊಂಡು ನನಗ ಆಡಿಕೊಳ್ತಾನ."

ಅಂಬಣ್ಣನ ಹೆಂಡತಿ ಭೀಮಮ್ಮ ಮೈದುನನ ಹಣೆಯ ಬೆವರು ಒರೆಸುತ್ತಾ ನಕ್ಕಳು. ಅವಳು ಈ ಮನೆಗೆ ಸೊಸೆಯಾಗಿ ಬಂದಾಗ ಪರಶುರಾಮ ಇನ್ನೂ ಚಡ್ಡಿ ಹಾಕದೆ ಕುರಿಮರಿಗಳ ಹಿಂದೆ ಓಡುತ್ತಿದ್ದ. ಅವ್ವ ಸತ್ತ ಮೇಲೆ ಅವನಿಗೆ ತುತ್ತು ಹಾಕಿದವಳು ಅವಳೇ. ಈಗ ಅವನಿಗೆ ಇಪ್ಪತ್ತನಾಲ್ಕು. ಹೋದ ಬೇಸಿಗೆಯವರೆಗೆ ಎರಡು ಮರಿಗಳನ್ನು ಎರಡು ಕಂಕುಳಲ್ಲಿ ಇಟ್ಟುಕೊಂಡು ಹಳ್ಳ ಹಾಯುತ್ತಿದ್ದ ಹುಡುಗ. ಈಗ ಚಾದರದ ಕೆಳಗೆ ಹೊಟ್ಟೆಯೊಂದೇ ಕಾಣುತ್ತಿತ್ತು.

ಡಾಕ್ಟರ್ ಸುನೀಲಕುಮಾರ ದೋರನಹಳ್ಳಿಯವರು, ಅಲ್ಲಿನ ಕೂಲಿಕಾರರ ಮನೆಯಲ್ಲಿ ಹುಟ್ಟಿ ಓದಿ ಸರ್ಜನ್ ಆದವರು. ಹಳ್ಳಿಯವರ ಹತ್ತಿರ ಹಳ್ಳಿಯ ಮಾತಿನಲ್ಲೇ ಹೇಳುತ್ತಿದ್ದರು. ಅಂಬಣ್ಣನನ್ನು ವರಾಂಡಕ್ಕೆ ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಿದರು.

"ನೋಡ್ರಿ ಅಂಬಣ್ಣ, ಇದು ಎರಡು ಜಾತಿ ಕ್ಯಾನ್ಸರಿನೊಳಗ ಒಂದು. ಎರಡರ ಕೋಶನೂ ಸಣ್ಣಗ, ದುಂಡಗ, ಒಂದೇ ನಮೂನಿ ಕಾಣ್ತಾವ. ಬಣ್ಣ ಹಾಕಿ ನೋಡಿದ್ರು, ಇಂಥಾದ್ದೇ ಅಂತ ನಿಕಾಲ ಆಗಲಿಲ್ಲ. ಒಂದು ಜಾತಿ ಆಗಿದ್ರ ಔಷಧಿ ಹೊಕ್ಕ ಕೂಡ್ಲೆ ಬೆಣ್ಣಿಹಂಗ ಕರಗ್ತದ, ಹುಡುಗ ಉಳೀತಾನ. ಇನ್ನೊಂದಾಗಿದ್ರ ಔಷಧಿನೇ ಬ್ಯಾರೆ. ಉಳಿಯೋದು ಕಷ್ಟ, ಆದ್ರೂ ಉಳಿದವ್ರು ಅದಾರ."

"ಎರಡೂ ಕೊಟ್ರ ಆಗಂಗಿಲ್ಲೇನ್ರಿ?"

"ಆ ಮೈಯಾಗ ಒಂದು ತಡಕೊಳ್ಳೋದೇ ಹೆಚ್ಚು."

ಅಂಬಣ್ಣನಿಗೆ ಇನ್ನೂ ಪೂರ್ತಿ ತಿಳಿದಿಲ್ಲ ಎಂದು ಕಂಡು ಡಾಕ್ಟರು ಕೇಳಿದರು.

"ಎರಡು ಹಿಂಡು ಒಂದೇ ಕಡೆ ಕೂಡಿದ್ರ ನಿಮ್ಮ ಕುರಿ ಹೆಂಗ ಗುರುತ ಹಿಡೀತೀರಿ?"

"ಕಿವಿ ನೋಡ್ತೀವ್ರಿ. ನಮ್ಮವಕ್ಕ ಎಡಗಿವಿ ತುದಿ ಕತ್ತರಿಸಿರ್ತದ."

"ಹಂಗೇ ಕೋಶದ ಒಳಗೂ ಗುರುತ ಇರ್ತಾವ. ಒಂದರಾಗ ಕಾಳಿನಂಥವು, ಇನ್ನೊಂದರಾಗ ಎಳಿ ಎಳಿ ಇದ್ದಂಥವು. ಬೆಳಕಿನ ಮಶೀನಿಗಿ ಅವು ಕಾಣಂಗಿಲ್ಲ. ಹೈದರಾಬಾದಿನ ಮಶೀನು ಬೆಳಕಿನ ಬದಲಿ ಎಲೆಕ್ಟ್ರಾನು ಹಾಯಿಸಿ ನೋಡ್ತದ. ಕೂದಲ ದಪ್ಪ ಸಾವಿರ ಪಾಲು ಮಾಡಿದ್ರ ಒಂದು ಪಾಲಿನಷ್ಟು ತೆಳ್ಳಗ ಮಾಂಸ ಕೊಯ್ದು ಅದರಾಗ ಇಡ್ತಾರ. ಆದ್ರ ಅದಕ್ಕ ತಾಜಾ ತುಣುಕು ಬೇಕು, ಬ್ಯಾರೆ ಔಷಧಿ ನೀರಿನ್ಯಾಗ ಹಾಕಿದ್ದು. ಅದಕ್ಕೇ ಹೊಟ್ಟಿ ಕೊಯ್ತೀನಿ."

ಕಿವಿಯ ಮಾತು ಬಂದ ಮೇಲೆ ಅಂಬಣ್ಣನಿಗೆ ಎಲ್ಲವೂ ತಿಳಿಯಿತು. ಒಳಗೆ ಹೋಗಿ ಹೆಂಡತಿಗೂ ತಮ್ಮನಿಗೂ ತಾನೇ ಕಂಡು ಬಂದವನ ಹಾಗೆ ವಿವರಿಸಿದ.

ಮರುದಿನ ಬೆಳಿಗ್ಗೆಯೇ ಪರಶುರಾಮನನ್ನು ಒಳಗೆ ಒಯ್ದರು. ಬೇಗ ಮುಗಿಯುತ್ತದೆ ಎಂದಿದ್ದರು, ಮುಗಿಯಲಿಲ್ಲ. ಒಳಗಿಂದ ಒಬ್ಬ ಹುಡುಗಿ ಓಡಿ ಬಂದು ರಕ್ತದ ಚೀಲ ತೆಗೆದುಕೊಂಡು ಮತ್ತೆ ಓಡಿದಳು. ಭೀಮಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕೊನೆಗೆ ಡಾಕ್ಟರು ಹೊರಗೆ ಬಂದಾಗ ಅವರ ಹಸಿರು ಅಂಗಿ ಹೊಟ್ಟೆಯ ಹತ್ತಿರ ಕಪ್ಪಾಗಿತ್ತು.

"ತುಣುಕು ಸಿಕ್ಕದ. ಆದ್ರ ಗಡ್ಡಿ ದೊಡ್ಡ ರಕ್ತನಾಳಕ್ಕ ಅಂಟಿಕೊಂಡದ, ಮುಟ್ಟಿದ್ದೇ ತಡ ರಕ್ತ ಹರೀತು. ಭಾಳಷ್ಟು ನಿಲ್ಲಿಸೀನಿ, ಇನ್ನೂ ಜಿನುಗ್ತದ. ಇನ್ನೊಮ್ಮಿ ನಾ ಅಲ್ಲಿ ಕತ್ತಿನೂ ಸೂಜಿನೂ ಇಡಂಗಿಲ್ಲ, ಅಂಬಣ್ಣ. ಯಾರೂ ಇಡಬಾರದು. ಸಿಕ್ಕಿದ್ದು ಇಷ್ಟೇ, ಇದರಾಗೇ ನಿಕಾಲ ಆಗಬೇಕು." ಬಾಗಿಲು ನೂಕಿ ಒಳಗೆ ಹೋಗುತ್ತಾ ತಿರುಗಿ ಹೇಳಿದರು: "ತುಣುಕಿನ ಸೀಸಾ ಥಂಡ್ಯಾಗ ಇಡ್ರಿ. ಸಿಸ್ಟರ್ ಹೇಳ್ತಾಳ."

ಸಿಸ್ಟರ್ ಪರಿಮಳಾ ಎರಡು ಸೀಸೆ ತಂದಳು. ದೊಡ್ಡದು ಕಲಬುರಗಿಗೆ, ಮತ್ತೆ ಬಣ್ಣ ಹಾಕಿ ನೋಡಲು. ಸಣ್ಣದು ಹೈದರಾಬಾದಿಗೆ. ಆ ಸಣ್ಣ ಸೀಸೆಯ ತಿಳಿ ನೀರಿನ ತಳದಲ್ಲಿ ಜೋಳದ ಕಾಳಿನಷ್ಟು ತುಣುಕು ಮಲಗಿತ್ತು.

"ಸಂಜಿಕಿ ಲ್ಯಾಬಿನ ಗಾಡಿ ಬರ್ತದ. ಅದರಾಗ ಕೊಟ್ರ ನಾಳಿ ಮುಟ್ಟಿಸ್ತಾರ, ಅವರ ಹತ್ರ ಥಂಡಿ ಡಬ್ಬಿ ಅದ," ಎಂದು ಹೇಳಿ, "ಹೈದರಾಬಾದಿನ ಮೇಡಂ ಲೈನಿನ ಮ್ಯಾಗ ಅದಾರ, ಒಂದ್ಮಾತು ಕೇಳ್ರಿ," ಎಂದು ತನ್ನ ಮೊಬೈಲನ್ನು ಅಂಬಣ್ಣನ ಕಿವಿಗೆ ಹಿಡಿದಳು. ಅಷ್ಟರಲ್ಲಿ ಒಳಗಿಂದ ಕರೆ ಬಂತು, ಮೊಬೈಲು ಅವನ ಕೈಯಲ್ಲೇ ಬಿಟ್ಟು ಓಡಿದಳು.

ಹೈದರಾಬಾದಿನವರು ಎಂದ ಮೇಲೆ ಉರ್ದುವಿನಲ್ಲೇ ಮಾತಾಡುವುದು ಮರ್ಯಾದೆ ಎಂದು ಅಂಬಣ್ಣ ತಿಳಿದ. ಅವನ ಉರ್ದು ಸಂತೆಗೆ ಬರುವ ಹೈದರಾಬಾದಿನ ಕಟುಕರ ಹತ್ತಿರ ಕಲಿತದ್ದು. ಟಗರಿನ ತೂಕ, ಹಲ್ಲು, ಬೆಲೆ, ಹೌದೆನ್ನಲು ಹೌ, ಬೇಡವೆನ್ನಲು ನಕ್ಕೋ, ಇಷ್ಟರಲ್ಲಿ ಅವನನ್ನು ಸೋಲಿಸುವವರು ಇರಲಿಲ್ಲ. "ಸಲಾಂ ಮೇಡಂ" ಎಂದು ಗಟ್ಟಿಯಾಗಿ ಶುರು ಮಾಡಿದ. ಆ ಕಡೆಯ ಹೆಣ್ಣುಮಗಳು, ಹೆಸರು ಅಂಬರೀನ, ಸೂಕ್ಷ್ಮದರ್ಶಕದ ಕೆಲಸದವಳು, ಅದೇ ದಖನಿ ಉರ್ದುವಿನಲ್ಲಿ ಉತ್ತರ ಕೊಟ್ಟಳು. ಲೈನು ಕಡಿದು ಕಡಿದು ಬರುತ್ತಿತ್ತು. ಆದರೂ ಎರಡು ಮಾತು ಅವನ ಕಿವಿಗೆ ಬಿದ್ದವು. ಒಂದು, ಠಂಡಾ ರಖೋ, ಅಂದರೆ ಥಂಡಿ ಇಡು. ಇನ್ನೊಂದನ್ನು ಅವಳು ಎರಡು ಸಲ ಒತ್ತಿ ಹೇಳಿದಳು: ಜಮಾ ನಕ್ಕೋ ದೇವ್.

ಮೊಬೈಲು ಇಟ್ಟು ಅಂಬಣ್ಣ ಹೆಂಡತಿಗೆ ಹೇಳಿದ.

"ಯಾರ ಕಡೀನೂ ಜಮಾ ಕೊಡಬ್ಯಾಡ ಅಂದಾಳ. ನಾನೇ ಒಯ್ದು ಆಕಿ ಕೈಯಾಗೇ ಕೊಡಬೇಕು."

"ಗಾಡಿ ಬರ್ತದಂತಲ್ಲ?"

"ಗಾಡಿಯವಗ ಕೊಡೋದು ಅಂದ್ರ ಜಮಾ ಕೊಟ್ಟಂಗೇ ಅಲ್ಲೇನು? ಆಕಿ ಎರಡು ಸಲ ಹೇಳ್ಯಾಳ."

ಜಮಾ ಎಂದರೆ ಬ್ಯಾಂಕಿನಲ್ಲಿ ರೊಕ್ಕ ಕಟ್ಟುವುದು, ಸೊಸೈಟಿಯಲ್ಲಿ ಕಾಳು ಒಪ್ಪಿಸುವುದು. ನಿಜಾಮನ ಕಾಲದಿಂದ ಈ ಸೀಮೆಯವರ ಬಾಯಲ್ಲಿರುವ ಮಾತು, ಅದಕ್ಕೆ ಬೇರೆ ಅರ್ಥ ಹುಡುಕುವ ಪ್ರಸಂಗ ಬಳಿಚಕ್ರದಲ್ಲಿ ಯಾರಿಗೂ ಬಂದಿರಲಿಲ್ಲ. ಪರಿಮಳಾ ಮರಳಿ ಬಂದಾಗ ಅಂಬಣ್ಣ ಸಣ್ಣ ಸೀಸೆಯನ್ನು ತಾನೇ ಒಯ್ಯುತ್ತೇನೆ ಎಂದ. ಇವತ್ತೇ ಮುಟ್ಟುತ್ತದೆ ಎಂದರೆ ಅವಳಿಗೂ ಒಳ್ಳೆಯದೇ ಅನಿಸಿತು. "ಥಂಡಿ ಮಾತ್ರ ತಪ್ಪಬಾರದ್ರೀ" ಎಂದಳು.

"ಥಂಡಿ ಬಗ್ಗಿ ನನಗ ಹೇಳಬ್ಯಾಡವ್ವ," ಎಂದ ಅಂಬಣ್ಣ.

ಆ ಮಾತಿಗೆ ಕಾರಣವಿತ್ತು. ಮೂರು ವರ್ಷದ ಹಿಂದೆ ಕುರಿಗಳಿಗೆ ಹಿರೇಬ್ಯಾನಿ ಎಂಬ ಅಂಟುರೋಗ ಬಿದ್ದು ಸುತ್ತಲ ಊರುಗಳ ದೊಡ್ಡಿಗಳು ಬರಿದಾಗಿದ್ದವು. ಲಸಿಕೆ ಹಾಕಿಸಿದವರ ಕುರಿಯೂ ಸತ್ತವು, ಯಾಕೆಂದರೆ ಬಿಸಿಲಲ್ಲಿ ಒಯ್ಯುವಾಗ ಲಸಿಕೆಯೇ ಕೆಟ್ಟಿತ್ತು. ಅಂಬಣ್ಣ ಮಾತ್ರ ಯಾದಗಿರಿಯಿಂದ ಲಸಿಕೆ ತರುವಾಗ ಅಗಲ ಬಾಯಿಯ ಥರ್ಮಾಸಿನಲ್ಲಿ ಬರ್ಫ್, ಅಂದರೆ ಮಂಜುಗಡ್ಡೆ, ತುಂಬಿ, ಮೇಲೆ ಕಲ್ಲುಪ್ಪು ಸುರಿದು, ಲಸಿಕೆಯ ಸೀಸೆಗಳು ಮುಟ್ಟಿದರೆ ಕೈಗೆ ಅಂಟುವಷ್ಟು ಥಂಡಿ ಮಾಡಿ ತಂದಿದ್ದ. ಅವನ ಹಿಂಡಿನಲ್ಲಿ ಒಂದು ಮರಿಯೂ ಸಾಯಲಿಲ್ಲ. ಅಂದಿನಿಂದ ಊರವರು ಲಸಿಕೆ ತರಬೇಕೆಂದರೆ ಅವನನ್ನೇ ಕಳಿಸುತ್ತಿದ್ದರು.

"ಡಾಕ್ಟರಿಗಿ ಒಮ್ಮಿ ಕೇಳಿ ಹೋಗು," ಎಂದಳು ಭೀಮಮ್ಮ.

"ಅವರು ಒಳಗ ತಮ್ಮನ ರಕ್ತ ನಿಲ್ಲಿಸಾಕತ್ಯಾರ. ಇಂಥಾದ್ದಕ್ಕ ಕರೀತಾರೇನು?"

ಬಸ್ ನಿಲ್ದಾಣದ ಎದುರು ತೌಫೀಕ್ ಕುಲ್ಫಿ ಮಾರುತ್ತಿದ್ದ. ಅಂಬಣ್ಣನಿಗೆ ಮೊದಲಿಂದಲೂ ಬರ್ಫ್ ಕೊಡುವವನು ಅವನೇ. ಅಂಗಡಿಯಿಂದ ಹೊಸ ಥರ್ಮಾಸು ಕೊಂಡು ಬಂದ ಅಂಬಣ್ಣನನ್ನು ನೋಡಿ ನಕ್ಕ.

"ಯಾಕ ಕಾಕಾ, ಮತ್ತ ಬ್ಯಾನಿ ಬಿತ್ತೇನು ಕುರಿಗಿ?"

"ಕುರಿಗಲ್ಲೋ, ಪರಸ್ಯಾಗ. ಅವನ ಮಾಂಸದ ತುಣುಕು ಅದ. ಹೈದರಾಬಾದಿಗಿ ಮುಟ್ಟಬೇಕು."

ತೌಫೀಕನ ನಗು ನಿಂತಿತು. "ಯಾ ಅಲ್ಲಾ. ನಮ್ಮ ಪರಸ್ಯಾಗ?" ಎಂದವನೇ ಬರ್ಫಿನ ಗಡ್ಡೆ ಇಳಿಸಿ ಕುಟ್ಟತೊಡಗಿದ. "ಹೈದರಾಬಾದ್ ಅಂದ್ರ ಉಪ್ಪು ಜಾಸ್ತಿ ಬೇಕು ಕಾಕಾ. ಕುಲ್ಫಿ ಕಟ್ಟಿದಂಗ ಕಟ್ಟಿಕೊಡ್ತೀನಿ. ಬಿಸಿಲಲ್ಲ, ಬೆಂಕಿ ಬಿದ್ರೂ ಕರಗಬಾರದು." ಸೀಸೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಬರ್ಫಿನ ನಡುವೆ ಹುಗಿದು, ಸುತ್ತ ಉಪ್ಪು ತುಂಬಿ ಮುಚ್ಚಳ ಬಿಗಿದ. ಅಂಬಣ್ಣ ರೊಕ್ಕ ಕೊಡಲು ಹೋದರೆ ಕೈ ಹಿಂದೆ ಸರಿಸಿದ. "ಅವ ಆರಾಮಾಗಿ ಬರ್ಲಿ, ಕುಲ್ಫಿ ತಿಂದು ಕೊಡ್ತಾನ."

ಬಸ್ಸು ಭೀಮಾ ದಾಟಿ ಯಾದಗಿರಿ ಮುಟ್ಟಿತು. ಅಲ್ಲಿಂದ ರೈಲು. ದಾರಿಯುದ್ದಕ್ಕೂ ಅಂಬಣ್ಣ ಥರ್ಮಾಸನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಎದುರಿಗೆ ಕೂತ ಮುದುಕಿಯೊಬ್ಬಳು ಕುಡಿಯಲು ನೀರಿದೆಯೇ ಎಂದು ಕೇಳಿದಾಗ, "ನೀರಲ್ಲಬೇ, ನನ್ನ ತಮ್ಮ ಅದಾನ ಇದರಾಗ," ಎಂದ. ಮುದುಕಿ ಅವನನ್ನು ಒಂದು ಥರ ನೋಡಿ ಕಿಟಕಿಯ ಕಡೆ ಸರಿದು ಕೂತಳು.

ಹೊತ್ತು ಇಳಿಯುವ ಮುಂಚೆಯೇ ಆಸ್ಪತ್ರೆ ಮುಟ್ಟಿದ. ಕೆಳಗಿನ ಅಂತಸ್ತಿನಲ್ಲಿ ಒಂದು ಗಾಜಿನ ಕಿಟಕಿ. ಒಳಗಿದ್ದವನು ಥರ್ಮಾಸು ನೋಡಿ, ಇಲ್ಲಿ ಜಮಾ ಮಾಡು ಎಂದು ಕೈ ಚಾಚಿದ.

"ನಕ್ಕೋ," ಎಂದ ಅಂಬಣ್ಣ. "ಅಂಬರೀನ ಮೇಡಂ ಬೋಲೇ. ಜಮಾ ನಕ್ಕೋ ದೇವ್."

ಕಿಟಕಿಯವನು ಹೇಳಿ ನೋಡಿದ, ಗದರಿಸಿ ನೋಡಿದ, ಪಕ್ಕದವನನ್ನು ಕರೆದು ತೋರಿಸಿ ನಕ್ಕ. ಅಂಬಣ್ಣ ಥರ್ಮಾಸನ್ನು ಎದೆಗೆ ಅವಚಿಕೊಂಡು ಗೋಡೆಗೆ ಬೆನ್ನು ಕೊಟ್ಟು ನಿಂತ. ಹಳ್ಳಿಯವನೆಂದು ನಗಲಿ, ಮೇಡಂ ಎರಡು ಸಲ ಹೇಳಿದ ಮಾತು ಅವನಿಗೆ ನೆನಪಿತ್ತು. ಬಹಳ ಹೊತ್ತಾದ ಮೇಲೆ ಬಿಳಿ ಕೋಟಿನ ಹೆಣ್ಣುಮಗಳೊಬ್ಬಳು ಮೆಟ್ಟಿಲು ಇಳಿದು ಬಂದಳು.

"ಶಹಾಪುರದಿಂದ ಬಂದವರು ನೀವೇ ಏನ್ರಿ?"

ಅಂಬಣ್ಣನಿಗೆ ಹಿಗ್ಗಾಯಿತು. "ಕನ್ನಡ ಬರ್ತದೇನವ್ವ ನಿನಗ?"

"ಗುರುಮಠಕಲ್ ನಮ್ಮದು. ಬೆಳಿಗ್ಗೆ ಫೋನಿನ್ಯಾಗ ನೀವು ಉರ್ದುದಾಗ ಶುರು ಮಾಡಿದ್ರಿ, ನಾನೂ ಹಂಗೇ ಮಾತಾಡಿದೆ. ಕೊಡ್ರಿ."

ಅವಳು ಅಲ್ಲೇ ಮೇಜಿನ ಮೇಲೆ ಮುಚ್ಚಳ ತೆಗೆದಳು. ಬರ್ಫ್ ಇನ್ನೂ ಅರ್ಧಕ್ಕಿಂತ ಹೆಚ್ಚು ಗಟ್ಟಿಯಾಗಿಯೇ ಇತ್ತು. ಅದನ್ನು ಕಂಡು ಅಂಬಣ್ಣ ಕಿಟಕಿಯವನ ಕಡೆ ನೋಡಿದ, ನೋಡು ಅನ್ನುವ ಹಾಗೆ. ಅಂಬರೀನ ಉಪ್ಪಿನ ಹರಳನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಸೀಸೆಯನ್ನು ಹೊರತೆಗೆದು ಬೆಳಕಿಗೆ ಹಿಡಿದಳು. ಒಳಗಿನ ತಿಳಿ ನೀರು ಬೆಳ್ಳಗೆ ಕಲ್ಲಾಗಿತ್ತು. ತುಣುಕು ಕಾಣುತ್ತಲೇ ಇರಲಿಲ್ಲ.

"ಜಮ್ ಗಯಾ," ಎಂದಳು, ತನಗೆ ತಾನೇ ಹೇಳಿಕೊಂಡ ಹಾಗೆ.

"ಎಲ್ಲೀನೂ ಜಮಾ ಕೊಟ್ಟಿಲ್ಲವ್ವ. ಗಾಡಿಯವಗ ಕೊಡಲಿಲ್ಲ, ಈ ಕಿಟಕಿಯವಗ ಕೊಡಲಿಲ್ಲ. ನೀ ಹೇಳಿದಂಗೇ ತಂದೀನಿ."

ಅಂಬರೀನ ಅವನ ಮುಖವನ್ನೇ ನೋಡಿದಳು. ಅವಳಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

"ಕಾಕಾ, ನಾ ಜಮಾ ಅನ್ನಲಿಲ್ಲ. ಜಮ್ನೆ ನಕ್ಕೋ ದೇವ್ ಅಂದೆ. ಜಮ್ನಾ ಅಂದ್ರ ಹೆಪ್ಪುಗಟ್ಟೋದು, ಬರ್ಫ್ ಆಗೋದು. ಥಂಡಿ ಇಡ್ರಿ, ಆದ್ರ ಬರ್ಫ್ ಆಗಾಕ ಬಿಡಬ್ಯಾಡ್ರಿ ಅಂತ ಹೇಳಿದ್ದೆ."

ಕಿಟಕಿಯವನು ನಗುವುದು ಬಿಟ್ಟು ತನ್ನ ಕೆಲಸ ನೋಡಿಕೊಂಡ. ಅಂಬರೀನ ಸೀಸೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡಳು. "ನೋಡ್ತೀನಿ ಕಾಕಾ, ಎಲ್ಲಿಯಾದ್ರೂ ಒಂದು ಮೂಲಿ ಉಳಿದಿರಬಹುದು," ಎಂದು ಹೇಳಿ ಮೆಟ್ಟಿಲು ಹತ್ತಿದಳು. ಆದರೆ ಬಂದಷ್ಟು ಚುರುಕಾಗಿ ಹೋಗಲಿಲ್ಲ.

ಮುಂದಿನ ವಾರ ಡಾಕ್ಟರ್ ಸುನೀಲಕುಮಾರ ಅಂಬಣ್ಣನನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು. ಕಂಪ್ಯೂಟರಿನಲ್ಲಿ ಕಪ್ಪು ಬಿಳುಪಿನ ಚಿತ್ರ ತೆರೆದರು. ಮೊದಲು ಬೇರೆ ಯಾರದೋ ಕೋಶದ ಚಿತ್ರ ತೋರಿಸಿದರು: ಸುತ್ತ ಗೆರೆ, ಒಳಗೆ ಗುಂಡನೆಯದು, ಸಾಲುಸಾಲು ಮಡಿಕೆ, ಅಲ್ಲಲ್ಲಿ ಕಾಳು. ಹೊಲಿಗೆ ಹಾಕಿ ಮಾಡಿದ ಹಾಗೆ ಎಲ್ಲವೂ ಅದರದರ ಜಾಗದಲ್ಲಿತ್ತು. ಆಮೇಲೆ ಪರಶುರಾಮನದು. ಅದು ಗೆದ್ದಲು ತಿಂದ ಹಲಗೆಯ ಹಾಗಿತ್ತು. ತೂತು, ತೂತಿನ ಪಕ್ಕ ತೂತು, ನಡುವೆ ಚಿಂದಿ.

"ನೀರು ಬರ್ಫ್ ಆಗೋ ಮುಂದ ಸೂಜಿಯಂಥ ಹರಳು ಕಟ್ತದ," ಎಂದರು. "ಆ ಹರಳು ಕೋಶದ ಒಳಗಿಂದೆಲ್ಲ ಹರಿದು ಹಾಕ್ಯಾವ. ಮೂಲಿ ಮೂಲಿ ಹುಡುಕ್ಯಾಳ ಆಕಿ. ಎಲ್ಲೂ ಗುರುತ ಉಳಿದಿಲ್ಲ."

"ಕುರಿ ಲಸಿಕಿಗಿ ಏನೂ ಆಗಲಿಲ್ಲಲ್ರಿ?"

"ಆ ಲಸಿಕಿ ಒಣಾ ಪುಡಿ, ಅದರಾಗ ನೀರಿಲ್ಲ. ಬರ್ಫ್ ಆದ್ರೂ ನಡೀತದ. ಮಾಂಸ ಅಂದ್ರ ನೀರೇ ಅಲ್ಲೇನ್ರಿ."

"ಕಲಬುರಗಿಗಿ ಹೋದದ್ದು?"

"ಅದರಾಗ ಸತ್ತ ಮಾಂಸನೇ ಭಾಳ ಇತ್ತು. ಇದ್ದದ್ದನ್ನ ಕೊಯ್ದು ಕೊಯ್ದು ಬಣ್ಣ ಹಾಕಿ ಮುಗಿಸ್ಯಾರ. ಮತ್ತ ಅದೇ ಮಾತು, ಇದೂ ಇರಬಹುದು, ಅದೂ ಇರಬಹುದು." ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ತಪ್ಪು ನಂದೂ ಅದ ಅಂಬಣ್ಣ. ಥಂಡ್ಯಾಗ ಇಡ್ರಿ ಅಂದೆ. ಎಷ್ಟು ಥಂಡಿ ಅಂತ ಹೇಳಲಿಲ್ಲ. ರಕ್ತದ ಗಡಿಬಿಡಿಯಾಗ ಇದ್ದೆ."

"ನಿಮ್ಮದೇನದ್ರಿ ಸಾಹೇಬ್ರ. ನೀವು ತೆಗೆದು ಕೊಟ್ಟಿದ್ರಿ."

ವಾರ್ಡಿಗೆ ಹೋಗಿ ಅಂಬಣ್ಣ ತಮ್ಮನಿಗೆ ಇದ್ದದ್ದು ಇದ್ದ ಹಾಗೆ ಹೇಳಿದ. ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ. ಸಂತೆಯಲ್ಲಿ ಬಿಟ್ಟರೆ ಬೇರೆಲ್ಲೂ ಹೇಳಿದವನಲ್ಲ. ಪರಶುರಾಮ ಸೂರಿನ ಫ್ಯಾನು ನೋಡುತ್ತಾ ಕೇಳಿಸಿಕೊಂಡ.

"ಹೈದರಾಬಾದಿನ ಕಟುಕರು ನಿನಗ ಯಾಕ ಮೋಸ ಮಾಡ್ತಾರಂತ ಈಗ ಗೊತ್ತಾತು ನೋಡು," ಎಂದ. ನಗಲು ಹೋದ, ಹೊಲಿಗೆ ಎಳೆಯಿತು. ಆಮೇಲೆ ಮೆಲ್ಲಗೆ ಹೇಳಿದ: "ಅತ್ತಿಗಿಗಿ ಹೇಳಬ್ಯಾಡ. ಆಕಿ ನಿನ್ನ ಬಿಡಂಗಿಲ್ಲ."

ಆದರೆ ಭೀಮಮ್ಮ ಗಂಜಿಯ ಡಬ್ಬಿ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, ಮೈದುನನ ಚಾದರ ಸರಿ ಮಾಡಿ, ಗಂಡನ ಕಡೆ ನೋಡದೆ ಹೇಳಿದಳು.

"ಡಾಕ್ಟರಿಗಿ ಒಮ್ಮಿ ಕೇಳಿ ಹೋಗು ಅಂದಿದ್ದೆ."

ಅದೊಂದೇ ಸಲ. ಮತ್ತೆಂದೂ ಅವಳು ಆ ಮಾತು ತೆಗೆಯಲಿಲ್ಲ. ಬೈದಿದ್ದರೆ ಅಂಬಣ್ಣನಿಗೆ ಹಗುರಾಗುತ್ತಿತ್ತು.

ಕಲಬುರಗಿಯ ಕ್ಯಾನ್ಸರ್ ಡಾಕ್ಟರಿಗೆ ಎರಡರಲ್ಲಿ ಒಂದನ್ನು ಅಂದಾಜಿನಲ್ಲಿ ಆರಿಸಬೇಕಾಗಿ ಬಂತು. ವಯಸ್ಸು ನೋಡಿದರು, ಗಡ್ಡೆಯ ಜಾಗ ನೋಡಿದರು, ಇಂಥ ವಯಸ್ಸಿಗೆ ಮೊದಲನೆಯ ಜಾತಿಯೇ ಹೆಚ್ಚು, ಅದಕ್ಕೇ ಮದ್ದೂ ಹೆಚ್ಚು ನಾಟುತ್ತದೆ ಎಂದು ಅದನ್ನೇ ಶುರು ಮಾಡಿದರು. ಅಂದಾಜು ಎಂಬುದನ್ನು ಮುಚ್ಚಿಡಲಿಲ್ಲ. ಮೊದಲ ಸುತ್ತಿನ ನಂತರ ಪರಶುರಾಮನ ಕೂದಲು ಉದುರಿತು. ಎರಡನೆಯದರ ನಂತರ ಬಾಯೆಲ್ಲ ಹುಣ್ಣಾಗಿ ಗಂಜಿಯೂ ಇಳಿಯದಾಯಿತು. ಗಡ್ಡೆ ಮಾತ್ರ ಕರಗಲಿಲ್ಲ. ಮೂರನೆಯ ಸ್ಕ್ಯಾನಿಂಗಿನಲ್ಲಿ ಅದು ಮೊದಲಿಗಿಂತ ದೊಡ್ಡದಾಗಿತ್ತು. ಹಾಗಾದರೆ ಎರಡನೆಯ ಔಷಧಿ ಕೊಡ್ರಿ ಎಂದು ಅಂಬಣ್ಣ ಕೈಮುಗಿದ. ಡಾಕ್ಟರು ಪರಶುರಾಮನ ತೋಳನ್ನು ಎರಡು ಬೆರಳಲ್ಲಿ ಹಿಡಿದು ತೋರಿಸಿದರು. ಅದು ಬಾರುಕೋಲಿನಷ್ಟಾಗಿತ್ತು. ಈ ಮೈಗೆ ಈಗ ಅದನ್ನು ಹಾಕಿದರೆ ಔಷಧಿಯೇ ಕೊಲ್ಲುತ್ತದೆ, ಮನೆಗೆ ಕರೆದುಕೊಂಡು ಹೋಗಿ ಎಂದರು.

ಮನೆಗೆ ಬಂದ ಮೇಲೆ ಪರಶುರಾಮ ಹೆಚ್ಚು ಮಾತಾಡಲಿಲ್ಲ. ನೋವಿಗೆ ಕೊಟ್ಟ ಗುಳಿಗೆ ನುಂಗಿ ಅಂಗಳದಲ್ಲಿ ಕಂಬಳಿಯ ಮೇಲೆ ಮಲಗುತ್ತಿದ್ದ. ಒಂದು ಮಧ್ಯಾಹ್ನ ಅಣ್ಣನನ್ನು ಹತ್ತಿರ ಕರೆದ.

"ಯಾವ ಜಾತಿ ಇತ್ತೋ ಅದು? ನಿನಗೇನ ಅನಸ್ತದ?"

"ನನಗೇನ ಗೊತ್ತೋ ಪರಸ್ಯಾ."

"ಗೊತ್ತಾಗಿದ್ರ ಬೈಯ್ಯಾಕ ಒಂದು ಹೆಸರರ ಇರ್ತಿತ್ತು," ಎಂದು ಮಗ್ಗುಲು ಬದಲಿಸಿದ.

ಮಳೆಗಾಲ ಶುರುವಾಗುವ ಮುಂಚೆ ಅವನು ತೀರಿಕೊಂಡ. ಹಿಂಡಿನ ಜತೆ ಹೋಗಿದ್ದ ಸಂಬಂಧಿಕರಿಗೆ ಹೇಳಿ ಕಳಿಸಿ, ಅವರು ಬರುವವರೆಗೆ ಕಾದು, ಊರ ಹೊರಗಿನ ತಮ್ಮ ಹೊಲದಲ್ಲಿ ಮಣ್ಣು ಮಾಡಿದರು. ಅಂಬರೀನ ಹೇಗೋ ಸುದ್ದಿ ತಿಳಿದು ಮೊಬೈಲಿಗೆ ಕರೆ ಮಾಡಿದಳು. ಈ ಸಲ ಕನ್ನಡದಲ್ಲೇ ಮಾತಾಡಿದಳು. ಅಂಬಣ್ಣ "ಹೌದವ್ವ, ಹೌದವ್ವ" ಎನ್ನುತ್ತಾ ಕೇಳಿಸಿಕೊಂಡು ಇಟ್ಟ.

ಆ ವರ್ಷದಲ್ಲಿ ಅಂಬಣ್ಣ ಗಳಿಸಿದ್ದು ಏನೂ ಇಲ್ಲ. ತಮ್ಮನನ್ನು ಕಳೆದುಕೊಂಡ. ಅವನನ್ನು ಕೊಂದ ರೋಗ ಎರಡರಲ್ಲಿ ಯಾವುದೆಂದು ಯಾರಿಗೂ ತಿಳಿಯಲಿಲ್ಲ, ಸರಿಯಾದ ಔಷಧಿ ಮೊದಲೇ ಹೊಕ್ಕಿದ್ದರೆ ಅವನು ಬದುಕುತ್ತಿದ್ದನೋ ಇಲ್ಲವೋ ಎಂಬುದೂ ತಿಳಿಯಲಿಲ್ಲ.